ಕೈಯ ಅಳತೆಗೆ ಬಾಣ

ಸೊಲ್ಲಾಪುರದ ಕಡೆ ನನ್ನ ವಯಸ್ಸಿನವರಿಗೆ ಕಂಪ್ಯೂಟರ್ ಕಲಿಸಿದ್ದು ಎರಡು. ಒಂದು ಎಂಎಸ್‌-ಸಿಐಟಿ ಕೋರ್ಸು, ಇನ್ನೊಂದು ಆಟ. 2001ರಲ್ಲಿ ಮಹಾರಾಷ್ಟ್ರದಲ್ಲಿ ಎಂಕೆಸಿಎಲ್ ಸಂಸ್ಥೆ ಹುಟ್ಟಿತು. ಅದರ ಕೋರ್ಸು ಕೆಲವೇ ವರ್ಷಗಳಲ್ಲಿ ತಾಲೂಕಾ ಊರುಗಳನ್ನು ದಾಟಿ ಹಳ್ಳಿಗಳ ತನಕ ಬಂತು. ಸರ್ಕಾರಿ ನೌಕರಿಗೆ ಆ ಸರ್ಟಿಫಿಕೇಟು ಬೇಕೆಂದಾದ ಮೇಲೆ ತಲಾಠಿ, ಗ್ರಾಮಸೇವಕ, ಶಾಲೆಯ ಗುರುಜಿ ಎಲ್ಲರೂ ಮೌಸ್ ಹಿಡಿದು ಕೂತರು. ಆಟದ ಕಡೆಗೆ ಮಾತ್ರ ಯಾರೂ ಕರೆಯಲಿಲ್ಲ, ನಾವೇ ಹೋದೆವು. ಪರದೆಯ ಮೇಲಿನ ಬಾಣ ಎಷ್ಟು ಜೋರಾಗಿ ಓಡಬೇಕೆಂಬುದನ್ನು ನಾವೇ ಗೊತ್ತುಮಾಡಬಹುದು ಎಂಬ ಸಂಗತಿ ನನಗೆ ತಿಳಿದದ್ದು ಆಟದ ಕಡೆಯಿಂದ. ಅಷ್ಟೇ ಸಣ್ಣ ಸಂಗತಿ. ಆದರೆ ನಮ್ಮ ಕಡೆಯ ಎಷ್ಟೋ ಮಂದಿಯ ಕೈಗೆ ಅದರಿಂದ ಧೈರ್ಯ ಬಂದದ್ದನ್ನು ನಾನು ಎದುರಿಗೆ ನಿಂತು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ದಕ್ಷಿಣ ಸೊಲ್ಲಾಪುರ ತಾಲೂಕಿನ ಕಂದಲಗಾಂವ. ಜೋಳದ ಸೀಮೆ. ಮಾಲದಂಡಿ ಜೋಳ, ತೊಗರಿ, ನೀರಿದ್ದವರ ಹೊಲದಲ್ಲಿ ಕಬ್ಬು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ಕಾಲೇಜಿಗೆಂದು ಸೊಲ್ಲಾಪುರಕ್ಕೆ ಬಂದಾಗ ಕಾಕಾನ ಮನೆಯಲ್ಲಿ ಉಳಿದೆ. ಕಾಕಾ ಚಾದರದ ಕಾರಖಾನೆಯಲ್ಲಿ ಪವರ್‌ಲೂಮ್ ನಡೆಸುತ್ತಿದ್ದ. ಓಣಿಯಲ್ಲಿ ಹಗಲೂ ರಾತ್ರಿ ಮಗ್ಗದ ಸದ್ದು, ಗಾಳಿಯಲ್ಲಿ ಹತ್ತಿಯ ನವಿರು ಎಳೆ.

ನವೀ ಪೇಠದಲ್ಲಿ ಮೆಟ್ಟಿಲು ಹತ್ತಿ ಹೋಗುವ ಒಂದು ಆಟದ ಅಂಗಡಿ ಇತ್ತು. ಉದ್ದನೆಯ ಕೋಣೆ, ಗೋಡೆಗುಂಟ ಕಂಪ್ಯೂಟರುಗಳು, ತಾಸಿನ ಲೆಕ್ಕದಲ್ಲಿ ರೊಕ್ಕ. ಅಕ್ಕಲಕೋಟದ ನನ್ನ ಸೋದರಮಾವನ ಮಗ ಅಲ್ಲಿ ಕೆಲಸಕ್ಕಿದ್ದ. ನನಗಿಂತ ದೊಡ್ಡವನು, ಅಣ್ಣಾ ಅನ್ನುತ್ತಿದ್ದೆ. ಡೇಂಜರಸ್ ಡೇವ್, ಪ್ರಿನ್ಸ್ ಆಫ್ ಪರ್ಷಿಯಾ, ರೋಡ್ ರ‍್ಯಾಶ್ ಇವೆಲ್ಲ ಕೀಬೋರ್ಡಿನ ಆಟ. ಬೆರಳು ಚುರುಕಿದ್ದರೆ ಆಯಿತು. ಮೌಸ್ ಕೇಳುತ್ತಿದ್ದದ್ದು ವರ್ಚುವಾ ಕಾಪ್ 2 ಮತ್ತು 1997ರಲ್ಲಿ ಬಂದ ಏಜ್ ಆಫ್ ಎಂಪೈರ್ಸ್. ಮೊದಲನೆಯದರಲ್ಲಿ ಮೌಸೇ ಪಿಸ್ತೂಲು. ಎರಡನೆಯದರಲ್ಲಿ ಹಣ್ಣು ಕೀಳುವ, ಮರ ಕಡಿಯುವ, ಜಿಂಕೆ ಹೊಡೆಯುವ ಇರುವೆಯಂಥ ಮನುಷ್ಯರು. ಅವರಲ್ಲಿ ಒಬ್ಬನನ್ನು ಹಿಡಿಯಬೇಕಾದರೆ ಬಾಣ ಸರಿಯಾಗಿ ಅವನ ಮೇಲೆಯೇ ನಿಲ್ಲಬೇಕು. ಐದಾರು ಜನರನ್ನು ಒಟ್ಟಿಗೆ ಹಿಡಿಯಬೇಕಾದರೆ ಗುಂಡಿ ಒತ್ತಿಹಿಡಿದು ಅವರ ಸುತ್ತ ಚೌಕ ಎಳೆಯಬೇಕು. ಕೈ ಒಂಚೂರು ಹೆಚ್ಚು ಸರಿದು ಬಾಣ ಪರದೆಯ ಅಂಚು ಮುಟ್ಟಿತೋ, ಇಡೀ ನಕಾಶೆಯೇ ಆ ಕಡೆ ಜಾರಿಹೋಗುತ್ತದೆ. ನಮ್ಮ ಊರು ಎಲ್ಲಿತ್ತು, ದಂಡು ಎಲ್ಲಿ ನಿಂತಿತ್ತು ಎಂದು ಹುಡುಕುವುದರಲ್ಲಿ ವೈರಿ ಬಂದು ಬೆಂಕಿ ಇಟ್ಟಿರುತ್ತಾನೆ.

ಅಣ್ಣನ ಒಂದು ಪದ್ಧತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಹೊಸ ಹುಡುಗ ಬಂದು ಕೂತರೆ ಅವನ ಹಿಂದೆ ಒಂದೆರಡು ನಿಮಿಷ ಸುಮ್ಮನೆ ನಿಲ್ಲುತ್ತಿದ್ದ. ಆಮೇಲೆ ಆಟ ನಿಲ್ಲಿಸಿ, ವಿಂಡೋಸ್ 98ರ ಕಂಟ್ರೋಲ್ ಪ್ಯಾನೆಲ್ ತೆಗೆದು, ಮೌಸಿನ ಚಿತ್ರ ಒತ್ತಿ, ‘ಮೋಷನ್’ ಎಂಬ ಪುಟದಲ್ಲಿ ‘ಸ್ಲೋ’ದಿಂದ ‘ಫಾಸ್ಟ್’ ತನಕ ಇದ್ದ ಗೀಟುಗಳ ಮೇಲಿನ ಗುಬಟನ್ನು ಆ ಕಡೆಗೋ ಈ ಕಡೆಗೋ ಸರಿಸಿ, ಮತ್ತೆ ಆಟ ಹಚ್ಚಿ ಕೊಡುತ್ತಿದ್ದ. ಹುಡುಗನ ಮುಖ ಅರಳುತ್ತಿತ್ತು. ಒಂದು ದಿನ ಕೇಳಿಯೇ ಬಿಟ್ಟೆ.

“ಅಣ್ಣಾ, ಯಾರಿಗಿ ಎಷ್ಟ ಇಡಬೇಕಂತ ನಿನಗ ಹ್ಯಾಂಗ ಗೊತ್ತಾಗ್ತದ?”

“ಬಾಣ ನೋಡಬ್ಯಾಡ, ಕೈ ನೋಡು. ಹಿಡಿಬೇಕಾದ್ದನ್ನ ದಾಟಿ ಹೋಗಿ ತಿರುಗಿ ಬರ್ಲಿಕತ್ತಾನಂದ್ರ ವೇಗ ಹೆಚ್ಚಾಗ್ಯದ. ಮೌಸ್ ಎತ್ತಿ ಎತ್ತಿ ಇಡ್ಲಿಕತ್ತಾನಂದ್ರ ಕಮ್ಮಿ ಆಗ್ಯದ. ಇಷ್ಟೇ.”

ಇಷ್ಟೇ ಎಂದದ್ದು ಅವನ ದೊಡ್ಡತನ. ಆ ಎರಡು ವಾಕ್ಯಗಳಿಗಿಂತ ಉಪಯೋಗದ ಪಾಠ ಕಂಪ್ಯೂಟರಿನ ಬಗ್ಗೆ ನನಗೆ ಇನ್ನೊಂದು ಸಿಕ್ಕಿಲ್ಲ. ದಾಟಿದರೆ ಇಳಿಸು, ಎತ್ತಿದರೆ ಏರಿಸು. ಇಪ್ಪತ್ತು ವರ್ಷಗಳಿಂದ ಇದನ್ನೇ ಮಾಡುತ್ತ ಬಂದಿದ್ದೇನೆ.

ಇದರ ಹಿಂದಿನ ಲೆಕ್ಕ ನಿಧಾನಕ್ಕೆ ತಿಳಿಯಿತು. ಆಗಿನ ಮೌಸಿನ ಹೊಟ್ಟೆಯಲ್ಲಿ ರಬ್ಬರು ಹೊದಿಸಿದ ಗುಂಡು. ಗುಂಡು ಉರುಳಿದರೆ ಅದಕ್ಕೆ ತಾಗಿದ ಎರಡು ಉರುಳೆಗಳು ತಿರುಗುತ್ತವೆ, ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ. ಉರುಳೆಯ ತುದಿಯಲ್ಲಿ ಸೀಳು ಸೀಳಾದ ಒಂದು ಗಾಲಿ. ಆ ಸೀಳುಗಳಲ್ಲಿ ಹಾಯುವ ಬೆಳಕಿಗೆ ಎಷ್ಟು ಸಲ ತಡೆ ಬಿತ್ತೆಂಬುದೇ ಎಣಿಕೆ. ಒಳ್ಳೆಯ ಗುಂಡಿನ ಮೌಸ್ ಇಂಚಿಗೆ 400ರ ಸುಮಾರು ಎಣಿಸುತ್ತಿತ್ತು. ಒಂದು ಎಣಿಕೆಗೆ ಬಾಣ ಒಂದು ಚುಕ್ಕೆ ಸರಿಯುತ್ತದೆಂದು ಇಟ್ಟುಕೊಳ್ಳಿ. 1024 ಚುಕ್ಕೆ ಅಗಲದ ಪರದೆ ದಾಟಲು ಕೈ ಎರಡೂವರೆ ಇಂಚು ಸರಿಯಬೇಕು. ಅದೇ ಕಂಪ್ಯೂಟರಿನಲ್ಲಿ 640 ಚುಕ್ಕೆಯ ಆಟ ತೆಗೆದರೆ ಒಂದೂವರೆ ಇಂಚಿಗೇ ಬಾಣ ಆಚೆ ದಡ ಸೇರುತ್ತದೆ. ಮೌಸ್ ಅದೇ, ಕೈ ಅದೇ, ಬಾಣಕ್ಕೆ ಮಾತ್ರ ಕಾಲು ಬಂದಂತೆ. ಆಟದೊಳಗೆ ಹೋದ ಕೂಡಲೇ ಕೈ ತಪ್ಪುತ್ತದೆ ಎಂದು ಹುಡುಗರು ಹೇಳುತ್ತಿದ್ದದ್ದು ಸುಳ್ಳಲ್ಲ.

ಇದರ ಮೇಲೆ ಇನ್ನೊಂದು ಲೆಕ್ಕ. ಹೊಸಬರನ್ನು ನಿಜವಾಗಿ ಸೋಲಿಸುತ್ತಿದ್ದದ್ದು ಅದೇ. ವಿಂಡೋಸ್ 95 ಮತ್ತು 98, ಕೈ ಮೆಲ್ಲಗೆ ಸರಿದರೆ ಒಂದು ರೀತಿ, ಜೋರಾಗಿ ಸರಿದರೆ ಇನ್ನೊಂದು ರೀತಿ ಎಣಿಸುತ್ತಿದ್ದವು. ಒಂದು ಕ್ಷಣದ ಎಣಿಕೆ ಒಂದು ಮಿತಿ ಮೀರಿದರೆ ಬಾಣದ ಓಟ ಎರಡು ಪಟ್ಟು. ಗುಬಟು ‘ಫಾಸ್ಟ್’ ಕಡೆಗಿದ್ದು ಎರಡನೆಯ ಮಿತಿಯನ್ನೂ ಮೀರಿದರೆ ನಾಲ್ಕು ಪಟ್ಟು. ರೂಢಿಯಾದ ಕೈಗೆ ಇದು ಅನುಕೂಲ. ದೂರ ಹೋಗಬೇಕಾದಾಗ ಮಣಿಕಟ್ಟು ಒಮ್ಮೆ ಜಾಡಿಸಿದರೆ ಸಾಕು. ಆದರೆ ಹೊಸಬರ ಕೈ ಅಂಜಿಕೆಯಿಂದ ಒಮ್ಮೆಲೇ ದೂಡುತ್ತದೆ. ಕೆಲಸ ಮಾಡಿದ ಗಟ್ಟಿ ಕೈಯಾದರೆ ಇನ್ನೂ ಜೋರು. ಒಮ್ಮೆಲೇ ದೂಡಿದಾಗಲೇ ಬಾಣ ನಾಲ್ಕು ಪಟ್ಟು ಓಡಿ ಮೂಲೆ ಸೇರುತ್ತದೆ. ಅವರು ಇನ್ನೂ ಅಂಜುತ್ತಾರೆ, ಇನ್ನೂ ಜೋರಾಗಿ ತಿರುಗಿಸಿ ಎಳೆಯುತ್ತಾರೆ. ಎದುರಿಗೆ ನಿಂತವನು ‘ಇವರಿಗೆ ಬರೂದಿಲ್ಲ’ ಎಂದುಕೊಳ್ಳುತ್ತಾನೆ. ಅಂಜಿದವನ ಕೈಗೇ ಹೆಚ್ಚು ಜೋರಾಗಿ ಓಡುವಂತೆ ಲೆಕ್ಕ ಹಾಕಿಟ್ಟರೆ ಕಲಿಯುವವರು ಹೇಗೆ ಕಲಿಯಬೇಕು?

ಡಾಸ್ ಕಾಲದ ಆಟಗಳಲ್ಲಿ ಈ ಲೆಕ್ಕ ಇನ್ನೂ ಬಿಚ್ಚಿಟ್ಟಂತಿತ್ತು. ಮೌಸಿನ ಎಣಿಕೆಗೆ ಅಲ್ಲಿ ಮಿಕ್ಕಿ ಎಂದೇ ಹೆಸರು, ಮಿಕ್ಕಿ ಮೌಸಿನಿಂದ ಬಂದದ್ದು. ಮೌಸ್ ಡ್ರೈವರು ಮೂಲದಲ್ಲಿ ಅಡ್ಡಕ್ಕೆ 8 ಚುಕ್ಕೆಗೆ 8 ಮಿಕ್ಕಿ, ಉದ್ದಕ್ಕೆ 8 ಚುಕ್ಕೆಗೆ 16 ಮಿಕ್ಕಿ ಹಿಡಿಯುತ್ತಿತ್ತು. ಅಂದರೆ ಬಾಣ ಮೇಲೆ ಕೆಳಗೆ ಹೋಗುವುದು ಅಡ್ಡ ಹೋಗುವುದರ ಅರ್ಧ ವೇಗದಲ್ಲಿ. ಸೆಕೆಂಡಿಗೆ 64 ಮಿಕ್ಕಿ ದಾಟಿದರೆ ದುಪ್ಪಟ್ಟು. ಆಟ ಬರೆದವರು ಈ ಅಂಕಿಗಳನ್ನು ತಮಗೆ ಬೇಕಾದಂತೆ ಬದಲಿಸಬಹುದಿತ್ತು. ಆಡುವವನಿಗೂ ಆ ಅಧಿಕಾರ ಕೊಟ್ಟ ಆಟಗಳಿದ್ದವು. 1993ರ ಡೂಮ್ ಆಟದ ಮೆನುವಿನಲ್ಲೇ ಮೌಸಿನ ಸೂಕ್ಷ್ಮತೆ ಏರಿಳಿಸುವ ಪಟ್ಟಿ ಇತ್ತು. ಇಂಥ ಪಟ್ಟಿ ಇಟ್ಟ ಆಟವನ್ನು ನಾನು ಮರ್ಯಾದೆಯಿಂದ ನೋಡುತ್ತೇನೆ. ಎಲ್ಲರ ಕೈ ಒಂದೇ ಅಲ್ಲ ಎಂಬುದು ಅದನ್ನು ಬರೆದವರಿಗೆ ನೆನಪಿತ್ತು.

ಒಂದು ರಾತ್ರಿ ಊಟಕ್ಕೆ ಕೂತಾಗ ಕಾಕಾನ ಮುಂದೆ ಇದನ್ನೆಲ್ಲ ಹೇಳಿದೆ. ಕಾಕಾ ಕಡಕ್ ರೊಟ್ಟಿ ಮುರಿಯುತ್ತ, “ಅಂದ್ರ ಮೋಟರಿನ ಪುಲ್ಲಿ ಬದಲಿ ಮಾಡಿಧಂಗ ಅನ್ನು” ಅಂದ. ಮಗ್ಗದ ಮೋಟರಿಗೆ ಸಣ್ಣ ಪುಲ್ಲಿ ಹಾಕಿದರೆ ಮಗ್ಗ ನಿಧಾನ, ದೊಡ್ಡದು ಹಾಕಿದರೆ ಜೋರು. ನೂಲು ಮೇಲಿಂದ ಮೇಲೆ ಹರಿಯತೊಡಗಿದರೆ ಮಗ್ಗ ಸರಿಮಾಡುವ ತಿಳಿದ ಜಾಬರ್ ನೇಕಾರನನ್ನು ಬಯ್ಯುವುದಿಲ್ಲ, ಮೊದಲು ವೇಗ ಇಳಿಸಿ ನೋಡುತ್ತಾನೆ. ಶಾಲೆಯ ಮುಖ ಹೆಚ್ಚು ನೋಡದ ಕಾಕಾ ಇದನ್ನು ನನಗಿಂತ ಬೇಗ ಹಿಡಿದಿದ್ದ.

ಕಾಲೇಜು ಮುಗಿಯುವ ಹೊತ್ತಿಗೆ ನನಗೆ ಒಂದು ಎಂಎಸ್‌-ಸಿಐಟಿ ಕೇಂದ್ರದಲ್ಲಿ ಲ್ಯಾಬ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಿಂದ ಬರುವವರಲ್ಲಿ ಬಹಳ ಮಂದಿ ಕನ್ನಡದವರು. ಪುಸ್ತಕ ಮರಾಠಿ, ಪರದೆ ಇಂಗ್ಲಿಷು. ನನ್ನನ್ನು ಇಟ್ಟುಕೊಂಡದ್ದೇ ಕನ್ನಡದಲ್ಲಿ ಹೇಳಲಿಕ್ಕೆ. ಒಂದು ಬ್ಯಾಚಿಗೆ, ನನಗೆ ಕನ್ನಡ ಶಾಲೆಯಲ್ಲಿ ಅಕ್ಷರ ತಿದ್ದಿಸಿದ ಗುರುಜಿಯೇ ಬಂದರು. ನಿವೃತ್ತಿ ಹತ್ತಿರವಿತ್ತು. ಅವರ ಸೀಮೆಸುಣ್ಣದ ಅಕ್ಷರ ಅಚ್ಚು ಹಾಕಿದಂತಿರುತ್ತಿತ್ತು ಎಂಬುದು ಅವರ ಕೈಕೆಳಗೆ ಕಲಿತ ಎಲ್ಲರಿಗೂ ಗೊತ್ತು. ಅಂಥವರು ಪೇಂಟ್ ತೆಗೆದು ಒಂದು ಮನೆಯ ಚಿತ್ರ ಬರೆಯಲು ಹೋಗಿ, ಬಾಣ ಮಾಡಿನಿಂದ ಅಂಗಳಕ್ಕೆ, ಅಂಗಳದಿಂದ ಪರದೆಯ ಮೂಲೆಗೆ ಹಾರುವುದನ್ನು ನೋಡುತ್ತ ಬೆವರುತ್ತಿದ್ದರು.

“ತಮ್ಮಾ, ಇಷ್ಟ ವರ್ಷ ಫಳಾದ ಮ್ಯಾಲ ಬರದೀನಿ, ಒಂದ ಗೆರಿ ಸೊಟ್ಟ ಆಗಿಲ್ಲ. ಇದು ನನ್ನ ಮಾತೇ ಕೇಳವಲ್ದು.”

“ನಿಮ್ಮ ಕೈದಾಗ ಏನೂ ತಪ್ಪಿಲ್ರಿ ಗುರುಜಿ. ಬಾಣದ ವೇಗ ಭಾಳ ಇಟ್ಟಾರ್ರಿ. ತಡೀರಿ, ಇಳಸ್ತೀನಿ.”

ಸಂಜೆ ಬ್ಯಾಚಿನ ಹುಡುಗರು ತಮ್ಮ ಆಟಕ್ಕೆಂದು ಗುಬಟನ್ನು ಪೂರಾ ಬಲಕ್ಕೆ ದೂಡಿಟ್ಟು ಹೋಗಿದ್ದರು. ನಾನು ಪೂರಾ ಎಡಕ್ಕೆ ತಂದೆ. ಅಲ್ಲೇ ಪಕ್ಕದ ಪುಟದಲ್ಲಿ ಡಬಲ್ ಕ್ಲಿಕ್ಕಿನ ವೇಗ ಪರೀಕ್ಷಿಸುವ ಜಾಗ. ಸರಿಯಾಗಿ ಎರಡು ಸಲ ಒತ್ತಿದರೆ ಪೆಟ್ಟಿಗೆಯಿಂದ ಒಂದು ಬೊಂಬೆ ಪುಟಿದೇಳುತ್ತದೆ. ಅದನ್ನೂ ನಿಧಾನಕ್ಕಿಟ್ಟೆ. ಬೊಂಬೆ ಎದ್ದದ್ದು ನೋಡಿ ಗುರುಜಿ ನಕ್ಕರು. ಆ ಬ್ಯಾಚಿನಲ್ಲಿ ಅವರು ನಕ್ಕದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.

ಕೈ ಪಳಗಲು ಆಟ ಬೇಕು ಎಂಬುದು ನನ್ನ ಪಟ್ಟು. ವಿಂಡೋಸಿನಲ್ಲಿ ಬಂದ ಸಾಲಿಟೇರ್ ಬರೆದವನು ವೆಸ್ ಚೆರ್ರಿ ಎಂಬ ತರಬೇತಿ ಹುಡುಗ. 1990ರ ವಿಂಡೋಸ್ 3.0ರ ಜೊತೆ ಅದು ಮನೆಮನೆಗೆ ಬಂತು. ಎಲೆ ಹಿಡಿ, ಎಳೆ, ಬಿಡು: ಮೌಸಿನ ಅರ್ಧ ವಿದ್ಯೆ ಅಲ್ಲೇ ಮುಗಿಯಿತು. ತೆಗೆದು ತೋರಿಸಿದರೆ ಗುರುಜಿ ಕನ್ನಡಕದ ಮೇಲಿಂದ ನೋಡಿ, “ಮಾಸ್ತರಗ ಇಸ್ಪೀಟ ಆಡಸ್ತೀಯೇನೋ?” ಅಂದರು. ಹಾಗಾಗಿ ಮೈನ್‌ಸ್ವೀಪರ್ ಕೊಟ್ಟೆ. ಅದು ಲೆಕ್ಕದ ಆಟ, ಸಣ್ಣ ಸಣ್ಣ ಚೌಕ, ಎಡಗುಂಡಿಗೆ ಒಂದು ಕೆಲಸ, ಬಲಗುಂಡಿಗೆ ಇನ್ನೊಂದು. ಚೌಕ ತಪ್ಪಿದರೆ ಅಲ್ಲಿಗೆ ಮುಗಿಯಿತು. ಗುರುಜಿಗೆ ಅದು ಹಿಡಿಸಿತು. ನಿಧಾನದ ಬಾಣದಲ್ಲಿ ಒಂದೊಂದೇ ಚೌಕದ ನಟ್ಟನಡುವೆ ನಿಲ್ಲಿಸಿ ಒತ್ತುತ್ತಿದ್ದರು. ಕೆಲವು ವಾರ ಕಳೆದ ಮೇಲೆ ಅವರೇ ಕೂಗಿದರು: “ತಮ್ಮಾ, ಇದು ಈಗ ಭಾಳ ನಿಧಾನ ಆಗ್ಲಿಕತ್ತದ. ಒಂದ ಗೀಟ ಏರಸು.” ನಾನು ಎದ್ದು ಹೋಗುವಷ್ಟರಲ್ಲಿ ತಾವೇ ಕಂಟ್ರೋಲ್ ಪ್ಯಾನೆಲ್ ತೆಗೆದಿದ್ದರು. ಪರೀಕ್ಷೆ ಪಾಸಾದರು. ಅವರ ಹಿಂದೆ ಬಂದ ಬ್ಯಾಚುಗಳಿಗೆಲ್ಲ ನಾನು ಮೊದಲ ದಿನವೇ ಪ್ರತಿ ಕಂಪ್ಯೂಟರಿನ ಗುಬಟನ್ನು ಎಡಕ್ಕೆ ಇಟ್ಟು ಶುರು ಮಾಡುತ್ತಿದ್ದೆ.

ಇಸ್ಪೀಟು ಬೇಕಾದವರು ಕಂದಲಗಾಂವದ ನಮ್ಮ ಮನೆಯಲ್ಲೇ ಇದ್ದರು, ನಮ್ಮ ಮುತ್ಯಾ. ನನ್ನ ಪಗಾರದಲ್ಲಿ ಒಂದು ಹಳೆಯ ಕಂಪ್ಯೂಟರ್ ಕೊಂಡು ಊರಿಗೆ ಒಯ್ದಿದ್ದೆ. 2005ರ ಸುಮಾರಿನ ಆ ವರ್ಷಗಳಲ್ಲಿ ಮಹಾರಾಷ್ಟ್ರದ ಹಳ್ಳಿಗಳಿಗೆ ದಿನಕ್ಕೆ ಹತ್ತು-ಹನ್ನೆರಡು ತಾಸು ಲೋಡ್‌ಶೆಡ್ಡಿಂಗ್. ಲೈಟು ಬಂದಾಗ ಹೊಲದಲ್ಲಿ ಮೋಟರು, ಮನೆಯಲ್ಲಿ ಕಂಪ್ಯೂಟರು. ಮುತ್ಯಾನ ಬಲಗೈ ನಡುಗುತ್ತಿತ್ತು. ಚಹಾದ ಬಸಿ ಎರಡೂ ಕೈಯಲ್ಲಿ ಹಿಡಿಯಬೇಕು. ಪರದೆಯ ಮೇಲೆ ಎಲೆಗಳನ್ನು ಕಂಡದ್ದೇ, “ಕೆಂಪಿನ ಮ್ಯಾಲ ಕರೇದ ಬರ್ಬೇಕು ಹೌದಿಲ್ಲೋ?” ಎಂದು ಆಟವನ್ನು ನಾನು ಹೇಳುವ ಮೊದಲೇ ತಿಳಿದುಕೊಂಡರು. ಬುದ್ಧಿಗೆ ಏನೂ ಕಲಿಸಬೇಕಿರಲಿಲ್ಲ. ಆದರೆ ಬಾಣ ಅವರ ನಡುಕವನ್ನೆಲ್ಲ ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸುತ್ತಿತ್ತು. ಹಿಡಿದ ಎಲೆ ದಾರಿಯಲ್ಲೇ ಕೈಬಿಟ್ಟು ಹಿಂದಕ್ಕೆ ಹಾರುತ್ತಿತ್ತು.

ಆ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ ಎಕ್ಸ್‌ಪಿ. ಅದರ ಗುಬಟಿಗೆ 11 ಗೀಟು. ‘ಎನ್ಹಾನ್ಸ್ ಪಾಯಿಂಟರ್ ಪ್ರಿಸಿಷನ್’ ಎಂಬ ಚೌಕದ ಗುರುತು ತೆಗೆದರೆ ಲೆಕ್ಕ ಸರಳ: ನಡುವಿನ ಆರನೆಯ ಗೀಟಿನಲ್ಲಿ ಒಂದು ಎಣಿಕೆಗೆ ಒಂದು ಚುಕ್ಕೆ, ನಾಲ್ಕನೆಯದರಲ್ಲಿ ಅರ್ಧ ಚುಕ್ಕೆ, ಕೊನೆಯದರಲ್ಲಿ ಮೂರೂವರೆ ಚುಕ್ಕೆ. ಮುತ್ಯಾನಿಗೆ ನಾಲ್ಕನೆಯ ಗೀಟಿಗಿಟ್ಟು ಆ ಗುರುತೂ ತೆಗೆದೆ. ನಡುಕ ಕೈಯಲ್ಲಿ ಇದ್ದಷ್ಟೇ ಇತ್ತು, ಪರದೆಯಲ್ಲಿ ಅರ್ಧಕ್ಕಿಳಿಯಿತು. ಎಲೆಯ ಅಗಲ ಅದನ್ನು ತಾಳಿಕೊಳ್ಳುವಷ್ಟಿತ್ತು. ಪರದೆ ದಾಟಲು ಕೈ ಹೆಚ್ಚು ದೂರ ಸರಿಯಬೇಕಾದ್ದರಿಂದ ಮೌಸ್ ಎತ್ತಿ ಹಿಂದಕ್ಕಿಡುವುದನ್ನು ಕಲಿಸಿದೆ. “ಈಗ ನಿಂತಾದ ನೋಡು” ಅಂದರು ಮುತ್ಯಾ. ರಾತ್ರಿ ಲೈಟು ಬಂದಾಗ ಅವರು ಆಡುತ್ತಿದ್ದರು. ಗೆದ್ದಾಗ ಎಲೆಗಳೆಲ್ಲ ಒಂದರ ಹಿಂದೊಂದು ಪುಟಿಯುತ್ತ ಬೀಳುವುದನ್ನು ನೋಡಲಿಕ್ಕೆ ನನ್ನ ಅವ್ವನನ್ನೂ ಎಬ್ಬಿಸುತ್ತಿದ್ದರು.

ಒಂದು ಮಾತು ಇಲ್ಲಿ ಸೇರಿಸಬೇಕು. ಬಾಣ ಓಡದೆ ತಡವರಿಸಿದರೆ ಎಲ್ಲವೂ ಸೆಟ್ಟಿಂಗಿನ ತಪ್ಪಲ್ಲ. ಸೊಲ್ಲಾಪುರದಲ್ಲಿ ಗುಂಡಿನ ಮೌಸಿಗೆ ದೊಡ್ಡ ವೈರಿ ಹತ್ತಿಯ ಎಳೆ. ಗುಂಡಿಗೆ ಅಂಟಿ ಒಳಗೆ ಹೋಗಿ ಉರುಳೆಗಳಿಗೆ ಸುತ್ತಿಕೊಂಡು ಬಿಗಿಯುತ್ತಿತ್ತು. ಕೆಳಗಿನ ಬಳೆ ತಿರುಗಿಸಿ, ಗುಂಡು ಅಂಗೈಗೆ ಬೀಳಿಸಿಕೊಂಡು, ಉಗುರಿನಿಂದ ಆ ಕಪ್ಪು ಪಟ್ಟಿ ಕೆರೆದು ತೆಗೆಯುವುದು ನಮ್ಮ ಲ್ಯಾಬಿನ ಶನಿವಾರದ ಕೆಲಸ. 1999ರಲ್ಲಿ ಮೈಕ್ರೋಸಾಫ್ಟ್ ಗುಂಡಿಲ್ಲದ ಬೆಳಕಿನ ಮೌಸ್ ಮಾರುಕಟ್ಟೆಗೆ ತಂದಿತ್ತಾದರೂ ನಮ್ಮ ಕಡೆ ಅಂಥವು ಅಗ್ಗವಾಗಲು ವರ್ಷಗಳೇ ಬೇಕಾದವು.

ಈಗ ಅಣ್ಣನ ಮಗ, ಅಂದರೆ ಆ ಅಕ್ಕಲಕೋಟದ ಅಣ್ಣನ ಮಗ, ರಜೆಗೆ ಬಂದಾಗ ಹಳೆಯ ಆಟ ಕೇಳುತ್ತಾನೆ. ಡೂಮ್ ಆಡಲು ಡಾಸ್‌ಬಾಕ್ಸ್ ಹಾಕಿಕೊಟ್ಟೆ. ಹಳೆಯ ಡಾಸ್ ಯಂತ್ರವನ್ನು ಹೊಸ ಕಂಪ್ಯೂಟರಿನೊಳಗೆ ನಟಿಸಿ ತೋರಿಸುವ ಉಚಿತ ತಂತ್ರಾಂಶ ಅದು, 2002ರಿಂದ ಇದೆ. ಹುಡುಗ ಮೌಸ್ ಮುಟ್ಟಿದ್ದೇ ತಡ, ಪರದೆಯೊಳಗಿನ ಸಿಪಾಯಿ ಗಿರಗಿರ ತಿರುಗಿದ. ಕಾರಣ ಸರಳ. ಇಂದಿನ ಮೌಸ್ ಇಂಚಿಗೆ 1000, 1600 ಎಣಿಸುತ್ತದೆ. ಆಟ ಬರೆದದ್ದು ಇಂಚಿಗೆ ಅದರ ಕಾಲುಭಾಗ ಎಣಿಸುವ ಮೌಸಿಗೆ. 1600ರ ಮೌಸಿನಲ್ಲಿ 640 ಚುಕ್ಕೆಯ ಪರದೆ ದಾಟಲು ಒಂದು ಸೆಂಟಿಮೀಟರ್ ಸಾಕು, ಬೆರಳಿನ ಅಗಲಕ್ಕಿಂತ ಕಡಿಮೆ. ಅಷ್ಟರೊಳಗೆ ಯಾವ ಕೈ ತಾನೇ ಗುರಿ ಹಿಡಿದೀತು? ಡಾಸ್‌ಬಾಕ್ಸಿನ ಸೆಟ್ಟಿಂಗ್ ಫೈಲಿನಲ್ಲಿ ‘ಸೆನ್ಸಿಟಿವಿಟಿ’ ಎಂಬ ಸಾಲು ಇದೆ, ಮೂಲದಲ್ಲಿ 100 ಇರುತ್ತದೆ. ಅದನ್ನು 40ಕ್ಕಿಳಿಸಿದೆ. ಆಟ ಹಿಡಿತಕ್ಕೆ ಬಂತು. ವಿಂಡೋಸಿನ ಹಳೆಯ ಆಟಗಳಿಗೆ ಈ ಸಾಲು ಸಿಗುವುದಿಲ್ಲ. ಮೌಸಿನ ಗಾಲಿಯ ಹಿಂದೆ ಎಣಿಕೆ ಬದಲಿಸುವ ಗುಂಡಿ ಇದ್ದರೆ ಅದನ್ನು ಒತ್ತಿ ಕಡಿಮೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ವಿಂಡೋಸಿನಲ್ಲೇ ಇಳಿಸಿ ಆಟಕ್ಕೆ ಹೋಗಬೇಕು. ಕೆಲವು ಆಟಗಳು ವಿಂಡೋಸಿನ ಮಾತನ್ನು ಬದಿಗಿಟ್ಟು ಮೌಸಿನಿಂದ ನೇರವಾಗಿ ಎಣಿಕೆ ಓದುತ್ತವೆ. ಅವುಗಳಲ್ಲಿ ಆಟದ ಒಳಗಿನ ಮೆನುವೇ ಗತಿ.

ಹುಡುಗ ಬೇಸರದಿಂದ ಕೇಳಿದ: “ಕಾಕಾ, ಸ್ಲೋ ಇಟ್ಟು ಆಡೂದು ಸಣ್ಣ ಹುಡುಗರ ಆಟ ಅಲ್ಲೇನು?” ಅಲ್ಲ ಎಂದು ಖಂಡಿತವಾಗಿ ಹೇಳಿದೆ. ಕೌಂಟರ್-ಸ್ಟ್ರೈಕ್ ಆಟವನ್ನೇ ಕಸುಬು ಮಾಡಿಕೊಂಡ ಜಗತ್ತಿನ ನುರಿತ ಆಟಗಾರರಲ್ಲಿ ಹೆಚ್ಚಿನವರು ಮೌಸನ್ನು ಬಹಳ ನಿಧಾನಕ್ಕೆ ಇಟ್ಟುಕೊಳ್ಳುತ್ತಾರೆ. ಮಣಿಕಟ್ಟಲ್ಲ, ಇಡೀ ತೋಳು ಸರಿಸಿ ಗುರಿ ಹಿಡಿಯುತ್ತಾರೆ. ಅದಕ್ಕೇ ಅವರ ಮೌಸ್‌ಪ್ಯಾಡು ಅಷ್ಟು ಅಗಲ. ತನ್ನ ತಂದೆ ನವೀ ಪೇಠದ ಅಂಗಡಿಯಲ್ಲಿ ಹುಡುಗರ ಕೈ ನೋಡಿ ಗೀಟು ಸರಿಸುತ್ತಿದ್ದದ್ದನ್ನೂ ಹೇಳಿದೆ. ಅವನಿಗೆ ಅದು ಗೊತ್ತೇ ಇರಲಿಲ್ಲ.

ಕಂದಲಗಾಂವದಲ್ಲಿ ಈಗ ಮೌಸಿಗಿಂತ ಮೊಬೈಲು ಹೆಚ್ಚು. ಅಲ್ಲಿಯೂ ಇದೇ ಕತೆ. ಗಟ್ಟಿಯಾದ ಬೆರಳು ಪರದೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಫೋನು ಅದನ್ನು ‘ಒತ್ತಿಹಿಡಿದದ್ದು’ ಎಂದು ತಿಳಿದು ಬೇರೇನೋ ತೆಗೆಯುತ್ತದೆ. ‘ನನಗ ಬರೂದಿಲ್ಲಪಾ’ ಎಂದು ಹಿರಿಯರು ಫೋನು ಮರಳಿ ಕೊಡುತ್ತಾರೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಆಕ್ಸೆಸಿಬಿಲಿಟಿ’ ಒಳಗೆ ‘ಟಚ್ ಆ್ಯಂಡ್ ಹೋಲ್ಡ್ ಡಿಲೇ’ ಎಂಬುದಿದೆ. ಅದನ್ನು ‘ಲಾಂಗ್’ಗೆ ಇಟ್ಟರೆ ಫೋನು ಅಂಥ ಬೆರಳಿಗೆ ಕಾಯುತ್ತದೆ.

ಕಂಪ್ಯೂಟರ್ ತರಗತಿ ನಡೆಸುವವರಲ್ಲಿ, ಮನೆಯ ಹಿರಿಯರಿಗೆ ಕಲಿಸುವ ಮಕ್ಕಳಲ್ಲಿ ನನ್ನದೊಂದು ವಿನಂತಿ. ಮೊದಲ ದಿನ ವರ್ಡ್ ತೆಗೆಯಬೇಡಿ, ಎಕ್ಸೆಲ್ ತೆಗೆಯಬೇಡಿ. ಒಂದು ಸಾಲಿಟೇರ್ ತೆಗೆದುಕೊಟ್ಟು ಎರಡು ನಿಮಿಷ ಅವರ ಕೈ ನೋಡಿ. ಬಾಣ ಗುರಿ ದಾಟುತ್ತಿದ್ದರೆ ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ‘ಬ್ಲೂಟೂತ್ ಆ್ಯಂಡ್ ಡಿವೈಸಸ್’, ಅದರೊಳಗೆ ‘ಮೌಸ್’ ತೆಗೆಯಿರಿ. ‘ಮೌಸ್ ಪಾಯಿಂಟರ್ ಸ್ಪೀಡ್’ ಎಂಬ ಗುಬಟು ಕಾಣುತ್ತದೆ. ಅದನ್ನು ಎಡಕ್ಕೆ ಸರಿಸಿ. ಅದು ಎಲ್ಲಿದೆಯೆಂದು ಅವರಿಗೂ ತೋರಿಸಿಕೊಡಿ. ಬೇಕಾದಾಗ ಅವರೇ ಏರಿಸಿಕೊಳ್ಳುತ್ತಾರೆ.